ಮತ್ತಿಮರದ ಬುಡದ ಇಪ್ಪತ್ತು ನಿಮಿಷ

“ಇಳೀರಿ ಮೇಡಂ, ಇಳೀರಿ! ಮಂದಿ ನೋಡಾಕತ್ತಾರ!”

ಮಂದಿ ಎಂದರೆ ತೊಗರಿ ಹೊಲದ ಬದುವಿನ ಮೇಲೆ ನಿಂತ ಇಬ್ಬರು ಕುರಿಗಾರರು ಮತ್ತು ಅವರ ನಾಯಿ. ಅಷ್ಟಕ್ಕೇ ಸರ್ಕಲ್ ಇನ್‌ಸ್ಪೆಕ್ಟರ್ ಲಕ್ಷ್ಮಿಕಾಂತನ ಮಾನ ಹರಾಜಾಗಿತ್ತು. ಅವನು ಮತ್ತಿಮರದ ಬುಡದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು ಕತ್ತು ಮುರಿಯುವ ಹಾಗೆ ಮೇಲೆ ನೋಡುತ್ತಿದ್ದ.

ಹದಿನಾರು ಅಡಿ ಎತ್ತರದಲ್ಲಿ, ಸೊಂಟ, ತೊಡೆ, ಭುಜ ಮೂರಕ್ಕೂ ಪಟ್ಟಿ ಬಿಗಿದುಕೊಂಡು, ಪಟ್ಟಿಯ ಕೊಂಡಿಯನ್ನು ಮರಕ್ಕೆ ಸಿಕ್ಕಿಸಿಕೊಂಡು ಪಿಎಸ್‌ಐ ಭಾಗ್ಯಶ್ರೀ ಆರಾಮಾಗಿ ಕೂತಿದ್ದಳು. ಆರಾಮು ಮೇಲಿಂದ ಮಾತ್ರ; ಒಳಗೆ ಎದೆ ಡವಗುಟ್ಟುತ್ತಿತ್ತು. ಸೇಡಂನ ಕಿರಾಣಿ ಅಂಗಡಿಯವರ ಮಗಳಾದ ಅವಳು ಹಿಂದೆ ಎತ್ತರ ಹತ್ತಿದ್ದು ಬೆಲ್ಲದ ಡಬ್ಬಿ ಇಳಿಸಲು ಸ್ಟೂಲಿನ ಮೇಲೆ, ಅಷ್ಟೇ.

“ಇಳಿಯಂಗಿಲ್ರಿ ಸರ್. ಇನ್ನೂ ಕೆಲಸ ಅದ.”

ಸಿದ್ಧಲಿಂಗ ಇದೇ ಮರದ ಮೇಲೆ, ಇದೇ ಪೀಠದಲ್ಲಿ, ಎದೆಗೆ ಗುಂಡು ತಗುಲಿ ಪಟ್ಟಿಯಲ್ಲೇ ಜೋತುಬಿದ್ದು ಸತ್ತು ಮೂರು ದಿನವಾಗಿತ್ತು. ಅವನ ಆಳು ದತ್ತು ಕೋರ್ಟು ಕೊಟ್ಟ ಕಸ್ಟಡಿಯಲ್ಲಿ ಠಾಣೆಯ ಕೋಣೆಯಲ್ಲಿದ್ದ, ನಾಳೆ ಹನ್ನೊಂದಕ್ಕೆ ಮತ್ತೆ ಕೋರ್ಟು.

ಸಿದ್ಧಲಿಂಗ ಶಹಾಬಾದಿನ ಪರ್ಸಿಕಲ್ಲಿನ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಯ, ವ್ಯಾಪಾರಿ. ಚಂದ್ರಂಪಳ್ಳಿಯ ಕೆರೆಯಂಚಿನ ಈ ಹೊಲಕ್ಕೆ ಹಂದಿಗಳ ಕಾಟ ತಡೆಯಲಾರದೆ ಅರಣ್ಯ ಇಲಾಖೆಯಿಂದ ಅವನ್ನು ಹೊಡೆಯುವ ಪರವಾನಗಿ ಚೀಟಿ ತೆಗೆದುಕೊಂಡಿದ್ದ. ಊರವರ ಹಾಗೆ ನಾಲ್ಕು ಗೂಟ ಹುಗಿದು ಮಂಚಿಕೆ ಕಟ್ಟಿಸಬಹುದಿತ್ತು. ಅವನಿಗೆ ಹೊಸ ಸಾಮಾನಿನ ಹುಚ್ಚು. ಪರದೇಶದಿಂದ ಹತ್ತುವ ಅಟ್ಟಣಿಗೆ ತರಿಸಿದ.

ಅದು ಎರಡು ತುಂಡು. ಮೇಲಿನದು ಕೂರುವ ಪೀಠ, ಕೆಳಗಿನದು ಕಾಲಿಡುವ ಹಲಗೆ. ಎರಡಕ್ಕೂ ಮರ ಬಳಸಲು ಉಕ್ಕಿನ ಹುರಿ, ತೊಗಟೆ ಕಚ್ಚಲು ಹಲ್ಲು. ಪೀಠದ ಮೇಲೆ ಭಾರ ಹಾಕಿ ಕಾಲಿನಿಂದ ಹಲಗೆಯನ್ನು ಮೇಲೆಳೆಯಬೇಕು, ಹಲಗೆಯ ಮೇಲೆ ನಿಂತು ಪೀಠವನ್ನು ಮೇಲೆತ್ತಬೇಕು. ಕಂಬಳಿಹುಳ ಏರಿದ ಹಾಗೆ ಏರಬೇಕು.

ಆಸಾಮಿ ಹುಚ್ಚನಾದರೂ ಅಜಾಗರೂಕನಲ್ಲ. ಪೆಟ್ಟಿಗೆಯ ಮುಚ್ಚಳದ ಒಳಗೆ ತನ್ನ ಕೈಬರಹದಲ್ಲಿ ಚೀಟಿ ಅಂಟಿಸಿದ್ದ. ಮೊದಲು ಪಟ್ಟಿ, ಆಮೇಲೆ ಹೆಜ್ಜೆ. ಎರಡು ತುಂಡಿನ ನಡುವೆ ಹಗ್ಗ ಇರಲೇಬೇಕು, ಹಲಗೆ ಜಾರಿದರೆ ಕೈಗೆ ಸಿಗಬೇಕು. ನುಣುಪು ಗಿಡ ಹತ್ತಬಾರದು, ಹಸಿ ತೊಗಟೆ ಹತ್ತಬಾರದು. ಹತ್ತುವಾಗ ಕೈಯಲ್ಲಿ ಏನೂ ಇರಬಾರದು. ಬಂದೂಕು ಖಾಲಿ ಮಾಡಿ, ಮೂತಿ ಕೆಳಗೆ ಮಾಡಿ, ಹಗ್ಗಕ್ಕೆ ಕಟ್ಟಿ ಬುಡದಲ್ಲಿ ಬಿಡಬೇಕು. ಮೇಲೆ ಕೂತು, ಪಟ್ಟಿ ಬಿಗಿದು, ಆಮೇಲೆ ಎಳೆದುಕೊಳ್ಳಬೇಕು.

ಇಷ್ಟೆಲ್ಲ ಬರೆದಿಟ್ಟವನ ಎದೆಗೇ, ಹಗ್ಗದಲ್ಲಿ ಮೇಲೆ ಬಂದ ಬಂದೂಕು ಗುಂಡು ಹಾರಿಸಿತ್ತು. ಮೂತಿ ಮೇಲಿತ್ತು. ಒಳಗೆ ತೂಟಾ ಇತ್ತು. ತೂಟಾ ಸಿಡಿಸುವ ಕುದುರೆ ಎಳೆದು ನಿಲ್ಲಿಸಿದ ಸ್ಥಿತಿಯಲ್ಲಿತ್ತು.

“ಮುಬೀನ,” ಭಾಗ್ಯಶ್ರೀ ಕೂಗಿದಳು, “ನಾ ಹತ್ತೋವಾಗ ಕೆಳಗ ಏನಾರ ಒಂದು ಕೆಲಸ ಮಾಡು, ನನಗ ಹೇಳಬ್ಯಾಡ ಅಂದಿದ್ದೆ. ಏನು ಮಾಡ್ದಿ?”

ಕಾನ್‌ಸ್ಟೇಬಲ್ ಮುಬೀನ ಇನ್‌ಸ್ಪೆಕ್ಟರನ ಮುಖ ನೋಡಿ ತಲೆ ಕೆರೆದುಕೊಂಡ.

“ಚಾ ಕುಡದೆ ರಿ ಮೇಡಂ.”

“ಎಲ್ಲಿಂದ ತಂದಿ?”

“ಸಾಹೇಬ್ರ ಜೀಪಿನಾಗಿನ ಫ್ಲಾಸ್ಕಿಂದ ರಿ. ಎರಡು ಕಪ್ಪು.”

ಲಕ್ಷ್ಮಿಕಾಂತ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದ. ಭಾಗ್ಯಶ್ರೀಗೆ ನಗು ಬಂತು, ಆದರೆ ಬೇಕಿದ್ದದ್ದು ಸಿಕ್ಕಿತ್ತು. ಹತ್ತಲು ಅವಳಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಮೂಗು ತೊಗಟೆಗೆ, ಕಣ್ಣು ಹುರಿಯ ಹಲ್ಲಿಗೆ, ಕಿವಿಯ ತುಂಬ ಕಬ್ಬಿಣದ ಕಿರಿಕಿರಿ. ಕೆಳಗೆ ದಿಬ್ಬಣವೇ ಹೋಗಿದ್ದರೂ ಗೊತ್ತಾಗುತ್ತಿರಲಿಲ್ಲ.

“ಈಗ ಆ ಬಿದಿರು ಕಟ್ಟು.”

ಬಂದೂಕಿನಷ್ಟೇ ಉದ್ದದ ಬಿದಿರನ್ನು ಮುಬೀನ ಹಗ್ಗಕ್ಕೆ ಕಟ್ಟಿದ. ಭಾಗ್ಯಶ್ರೀ ಕೈ ಮೇಲೆ ಕೈ ಹಾಕಿ ಎಳೆದಳು. ಕಾಲಡಿಯ ಹಲಗೆ ಅಡ್ಡವಿದ್ದುದರಿಂದ ಏರಿಬರುವ ತುದಿ ಕಾಣಲಿಲ್ಲ. ಕಂಡದ್ದು ಹಲಗೆಯ ಅಂಚಿಗೆ ಟಕ್ಕನೆ ಬಡಿದ ಮೇಲೆ, ಅದೂ ನೇರ ಅವಳ ಎದೆಗೆ ಗುರಿಯಿಟ್ಟ ಹಾಗೆ. ಎಳೆದು ನಿಲ್ಲಿಸಿದ ಕುದುರೆ ಬೀಳಲು ಆ ಒಂದು ಪೆಟ್ಟು ಸಾಕು.

*

ಅವಳು ಇಳಿದು ಪಟ್ಟಿ ಬಿಚ್ಚುವಷ್ಟರಲ್ಲಿ ಲಕ್ಷ್ಮಿಕಾಂತ ತೀರ್ಪು ಸಿದ್ಧ ಮಾಡಿಕೊಂಡಿದ್ದ.

“ಛಲೋ ಆತು. ನೀವ ಸಾಬೀತು ಮಾಡಿಕೊಟ್ರಿ. ಇಪ್ಪತ್ತು ನಿಮಿಷ ಅಂವಗ ಕೆಳಗಿನದು ಕಾಣಲಿಲ್ಲ. ದತ್ತು ತೂಟಾ ತುಂಬಿ, ಮೂತಿ ಮ್ಯಾಲ ಮಾಡಿ ಹೋದ. ಹೋದ ವಾರ ಸಂತ್ಯಾಗ ಮಾಲಕ ಅಂವಗ ಕಪಾಳಕ್ಕ ಹೊಡದಿದ್ದ, ಹತ್ತು ಮಂದಿ ನೋಡ್ಯಾರ. ಸಂಜಿಗಿ ವರದಿ ಕೊಡ್ರಿ.”

“ದತ್ತು ಏನು ಹೇಳ್ಯಾನ? ಖಾಲಿ ಬಂದೂಕು, ಮೂತಿ ಕೆಳಗ ಮಾಡಿ ಕಟ್ಟಿ, ಮಾಲಕರು ನೀರು ತಾ ಅಂದಿದ್ದಕ್ಕ ಕಾಲುವಿಗಿ ಹೋದೆ ಅಂದಾನ.”

“ಕಳ್ಳ ನಾ ಕಳ್ಳ ಅಂತಾನೇನ್ರಿ?”

“ಇದನ್ನ ನೋಡ್ರಿ ಸರ್.”

ಅವಳು ಜೀಪಿನಿಂದ ಪ್ಲಾಸ್ಟಿಕ್ ಚೀಲ ತಂದಳು. ಒಳಗೆ ಬಂದೂಕಿನಿಂದ ಗಂಟು ಸಮೇತ ಬಿಡಿಸಿ ತೆಗೆದಿಟ್ಟ ಹಗ್ಗ. ಪರದೇಶದ ನೈಲಾನು ಜಾರುತ್ತದೆಂದು ದತ್ತು ತನ್ನ ಮನೆಯಿಂದ ತಂದ ಪುಂಡಿನಾರಿನ ಹಗ್ಗ ಅದು. ಗಂಟಿನ ಅಡಿಯಲ್ಲಿ ಎರಡು ಮಡಿಕೆಯ ಕೆಂಪು ರಬ್ಬರಿನ ತುಂಡು ಇತ್ತು. ಗಂಟಿನಿಂದ ಒಂದು ಮೊಳ ಆಚೆಗೆ ಹಗ್ಗ ಸುತ್ತಿಸುತ್ತಿ ಸೆಟೆದು ಒಣಗಿ ನಿಂತಿತ್ತು.

“ಇಲ್ಲಿ ಮೊದಲೊಂದು ಗಂಟಿತ್ತು. ಯಾರೋ ಬಿಚ್ಚಿ ಇನ್ನೊಂದು ಹಾಕ್ಯಾರ.”

“ಹಗ್ಗಕ್ಕ ಸುಕ್ಕು ಇರ್ತಾವ, ಮುದುಕರ ಮಾರಿಗಿ ಇದ್ದಂಗ. ಅದನ್ನ ಕೋರ್ಟಿನಾಗ ತೋರಸ್ತೀರೇನು?”

“ತೋರಸ್ತೀನಿ.”

“ಮೇಡಂ, ನಿಮಗಿನ್ನೂ ನೌಕರಿ ಭಾಳ ವರ್ಷ ಅದ.”

“ಅದಕ್ಕ ಹೇಳಾಕತ್ತೀನಿ ಸರ್, ಅಷ್ಟು ವರ್ಷ ಈ ವರದಿ ತಲಿಮ್ಯಾಲ ಹೊತ್ಕೊಂಡು ತಿರಗಲಿಕ್ಕ ನನ್ನ ಕಡಿಂದ ಆಗಂಗಿಲ್ಲ. ನಾ ಸಹಿ ಹಾಕಂಗಿಲ್ಲ. ನೀವ ಹಾಕ್ರಿ.”

ತನ್ನ ಸಹಿ ಹಾಕುವ ಧೈರ್ಯ ಲಕ್ಷ್ಮಿಕಾಂತನಿಗೂ ಇರಲಿಲ್ಲ. ನಾಳೆ ಹನ್ನೊಂದರವರೆಗೆ ಸಮಯ ಎಂದು ಗುಡುಗಿ, ಖಾಲಿ ಫ್ಲಾಸ್ಕನ್ನು ಮುಬೀನನ ಕೈಯಿಂದ ಕಸಿದುಕೊಂಡು ಜೀಪು ಹತ್ತಿದ.

*

ಠಾಣೆಯ ಪಡಸಾಲೆಯಲ್ಲಿ ಭೀಮಬಾಯಿ ಮೂರು ದಿನದಿಂದ ಕೂತಿದ್ದಳು. ದತ್ತುವಿನ ತಾಯಿ. ಕಾಗಿಣಾ ಹೊಳೆ ದಂಡೆಯ ದಂಡೋತಿಯಿಂದ ಬಂದವಳು. ಬುತ್ತಿ ತಂದಿದ್ದಳು, ಕೌದಿ ತಂದಿದ್ದಳು. ಹೋಗು ಎಂದವರಿಗೆಲ್ಲ ಒಂದೇ ಉತ್ತರ.

“ಬರೋವಾಗ ಇಬ್ಬರಿಗಿ ಟಿಕೀಟು ತಗೋತೀನಿ ಅಂತ ದೇವರಿಗಿ ಹೇಳಿ ಬಂದೀನಿ. ಒಬ್ಬಾಕಿ ಹ್ಯಾಂಗ ಹೋಗ್ಲಿ?”

ಅಳು ಅವಳ ಕಣ್ಣಲ್ಲಿ ಇರಲಿಲ್ಲ. ಸಿಟ್ಟಿತ್ತು. ಭಾಗ್ಯಶ್ರೀಗೆ ಆ ಸಿಟ್ಟು ಹಿಡಿಸಿತ್ತು, ಅಳುವ ತಾಯಂದಿರನ್ನು ಸಮಾಧಾನಪಡಿಸಿ ಸಾಕಾಗಿತ್ತು.

ಅವಳು ಹೊಸದೊಂದು ಪುಂಡಿನಾರಿನ ಹಗ್ಗವನ್ನೂ ಬಿದಿರನ್ನೂ ಮುದುಕಿಯ ಮುಂದಿಟ್ಟಳು.

“ಅವ್ವಾ, ಇದನ್ನ ಮ್ಯಾಲ ಎಳಿಯೂದದ. ನೀ ಆದ್ರ ಹ್ಯಾಂಗ ಕಟ್ತಿ?”

“ಮೊದ್ಲ ಒಂದು ತಂಬಿಗಿ ನೀರು ಕೊಡ್ರಿ.”

ಕುಡಿಯಲಿಕ್ಕೆಂದು ಕಾನ್‌ಸ್ಟೇಬಲ್ ನೀರು ತಂದ. ಭೀಮಬಾಯಿ ಹಗ್ಗದ ತುದಿಯನ್ನು ತಂಬಿಗೆಯೊಳಗೆ ಅದ್ದಿದಳು. ನೂರು ಎಣಿಸುವಷ್ಟು ಹೊತ್ತು ಬಿಟ್ಟು, ಹಿಂಡಿ, ಎರಡು ಸುತ್ತು ಸುತ್ತಿ ಗಂಟು ಬಿಗಿದಳು.

“ಒಣಾ ಹಗ್ಗಕ್ಕ ಗಂಟು ಹಾಕೂದಿಲ್ರಿ ನಾವು. ಹಸಿ ಮಾಡಿ ಕಟ್ಟಿದ್ರ ಒಣಗಿದಂಗ ಹಿಡಿತದ. ನಮ್ಮ ಮಂದಿ ದೋಣಿ ಕಟ್ಟೂದೂ ಹಿಂಗ, ಬಲಿ ಕಟ್ಟೂದೂ ಹಿಂಗ. ನನ್ನ ಮಗ ಹಲ್ಲು ಬರೂಕಿಂತ ಮೊದ್ಲ ಇದನ್ನ ಕಲ್ತಾನ.”

“ಗಂಟಿನ ಕೆಳಗ ಏನಾರ ಇಡ್ತೀರೇನು? ರಬ್ಬರು, ಅರಿವಿ?”

“ಎದಕ್ಕ? ಗಂಟೇನು ಬಾಣಂತಿನ, ಹಾಸಗಿ ಹಾಸಾಕ?”

ಬಿದಿರನ್ನು ಬಿಸಿಲಿಗೆ ಇಟ್ಟರು. ಒಂದು ತಾಸಿನ ನಂತರ ಭಾಗ್ಯಶ್ರೀ ಗಂಟು ಬಿಚ್ಚಿ, ಚೀಲದೊಳಗಿನ ಹಗ್ಗದ ಪಕ್ಕ ಹಿಡಿದಳು. ಅದೇ ಎರಡು ಸುತ್ತು, ಅದೇ ಸೆಟೆತ, ಅದೇ ಎಡಕ್ಕೆ ತಿರುಗಿದ ತುದಿ.

ದತ್ತು ಹೇಳಿದ್ದು ಖರೆ. ಅವನು ಕಟ್ಟಿದ್ದ. ಬೇರೆ ಯಾವುದೋ ಕೈ ಬಿಚ್ಚಿ, ಬೇರೆ ಜಾಗದಲ್ಲಿ, ಒಣ ಹಗ್ಗದಲ್ಲಿ, ರಬ್ಬರು ಇಟ್ಟು ಕಟ್ಟಿತ್ತು.

ಖುಷಿಯಲ್ಲಿ ಭಾಗ್ಯಶ್ರೀ ಪೊಲೀಸರು ಆಡಬಾರದ ಮಾತು ಆಡಿಬಿಟ್ಟಳು.

“ಅವ್ವಾ, ನಾಳಿ ಮಧ್ಯಾಹ್ನದ ಬಸ್ಸಿಗಿ ಇಬ್ಬರಿಗಿ ಟಿಕೀಟು ತಗೋ.”

ಮುದುಕಿ ಕೈ ಮುಗಿಯಲಿಲ್ಲ. “ತಗೋತೀನಿ” ಎಂದಳು, ಅಷ್ಟೇ.

*

ಮುಬೀನ ಜೀಪು ನಡೆಸುತ್ತ ರಬ್ಬರಿನ ತುಂಡನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಸತ್ತವನ ಮನೆಯವರನ್ನು ಇನ್ನೊಮ್ಮೆ ವಿಚಾರಿಸಲು ಶಹಾಬಾದಿಗೆ ಹೊರಟವರು ಸೇಡಂ ದಾಟಿದ್ದರು. ರಸ್ತೆಯ ಎರಡೂ ಬದಿ ತೊಗರಿ ಹಳದಿ ಹೂ ಬಿಟ್ಟಿತ್ತು.

“ಮೇಡಂ, ಒಂದು ಮಾತು ಹೇಳಲೇನ್ರಿ? ಇದು ಹೊಳಿ ಕೈ ಅಲ್ಲ. ಖಣಿ ಕೈ.”

“ಅಂದ್ರ?”

“ನಮ್ಮಪ್ಪ ಶಹಾಬಾದಿನಾಗ ಮೂವತ್ತು ವರ್ಷ ಲಾರಿಗಿ ಪರ್ಸಿ ತುಂಬ್ಯಾನ್ರಿ. ಪರ್ಸಿ ಅಂಚು ಬ್ಲೇಡ್ ಇದ್ದಂಗ, ಹಗ್ಗಾ ಕಡಿತದ. ಹಗ್ಗಾ ಕಡೀತಂದ್ರ ಕೆಳಗಿದ್ದಾಂವನ ಕಾಲು ಹೋತು. ಅದಕ್ಕ ಸೈಕಲ್ ಟೂಬು ಹರಿದು ಎರಡು ಮಡಿಕಿ ಮಾಡಿ ಹಗ್ಗದ ಕೆಳಗ ಇಡ್ತಾರ. ನಮ್ಮಪ್ಪ ರಿಟೈರ್ ಆದ ಮ್ಯಾಲ ಹಾಸಗಿ ಕಟ್ಟಿದ್ರೂ ಟೂಬು ಇಡ್ತಿದ್ದ. ಅಮ್ಮಿ ನಗ್ತಿದ್ಳು. ಕೈ ಕೇಳಂಗಿಲ್ರಿ, ತಾನ ಹೋಗ್ತದ.”

ಭಾಗ್ಯಶ್ರೀ ಸೀಟಿನಲ್ಲಿ ನೆಟ್ಟಗೆ ಕೂತಳು. ಬಂದೂಕಿನ ನಳಿಕೆಯ ತುದಿಯಲ್ಲಿ ಗುರಿ ನೋಡುವ ಸಣ್ಣ ಲೋಹದ ಮೊಳೆ ಇತ್ತು. ಅದರ ಚೂಪು ಬೆರಳಿಗೆ ತಾಗಿದ್ದೇ ತಡ, ಆ ಕೈ ತಾನಾಗಿ ಟೂಬು ಹುಡುಕಿತ್ತು. ಕೊಲ್ಲಲು ಬಂದ ಕೈಗೆ ಹಗ್ಗ ಕಡಿದೀತೆಂಬ ಚಿಂತೆ!

ಖಣಿಯವರು ಎಂದಾಗ ಅವಳ ಮನಸ್ಸು ನೆಟ್ಟಗೆ ಹೋದದ್ದು ಸೂಗಪ್ಪನ ಹತ್ತಿರ. ಸಿದ್ಧಲಿಂಗನ ಅಣ್ಣ. ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಇಬ್ಬರಿಗೂ ಸಮಪಾಲು, ಇಬ್ಬರಿಗೂ ಎರಡು ವರ್ಷದಿಂದ ಮಾತಿಲ್ಲ. ಆ ದಿನ ಸೇಡಂನಲ್ಲಿ ನಿಶ್ಚಿತಾರ್ಥದ ಊಟದಲ್ಲಿದ್ದೆ ಎಂದಿದ್ದ. ಊಟದಲ್ಲಿ ಅವನನ್ನು ಕಂಡವರಿದ್ದರು. ಗುಂಡು ಹಾರಿದ ಹೊತ್ತಿನಲ್ಲಿ, ನಾಲ್ಕರಿಂದ ಆರರವರೆಗೆ, ಕಂಡವರು ಮಾತ್ರ ಒಬ್ಬರೂ ಇರಲಿಲ್ಲ.

“ಜರಾ ಜೋರು ಹೊಡಿ, ಮುಬೀನ.”

*

ಶಹಾಬಾದಿನ ಕಾರ್ಖಾನೆಯಲ್ಲಿ ಪಾಲಿಶ್ ಯಂತ್ರ ನಿಂತಿರಲಿಲ್ಲ. ಬಿಳಿ ಕೆಸರು ಕಾಲುವೆಯಾಗಿ ಹರಿಯುತ್ತಿತ್ತು. ಅಂಗಳದಲ್ಲಿ ಲಾರಿಗೆ ಪರ್ಸಿ ಏರುತ್ತಿತ್ತು. ಪಕ್ಕದಲ್ಲೇ ಮನೆ. ಹೊಸ್ತಿಲಲ್ಲಿ ಸಿದ್ಧಲಿಂಗನ ಹೆಂಡತಿ ಗುರುಲಿಂಗಮ್ಮ ಕಂಬಕ್ಕೆ ಒರಗಿ ಕೂತಿದ್ದಳು, ನಲವತ್ತರ ಹೆಂಗಸು, ಹಣೆಯ ತುಂಬ ವಿಭೂತಿ. ಗಂಡ ಸತ್ತ ದಿನ ಹೊಲದ ಮನೆಯಲ್ಲಿ ತಲೆನೋವೆಂದು ಮಲಗಿದ್ದೆ, ಗುಂಡಿನ ಸಪ್ಪಳಕ್ಕೆ ಎದ್ದೆ ಎಂದು ಹೇಳಿಕೆ ಕೊಟ್ಟಿದ್ದಳು. ಅದನ್ನು ಬರೆದುಕೊಳ್ಳುವಾಗ ಭಾಗ್ಯಶ್ರೀಗೆ ಅವಳ ಮೇಲೆ ಮರುಕ ಬಂದಿತ್ತು.

ಸೂಗಪ್ಪ ಮಂಚದಿಂದ ಏಳಲಿಲ್ಲ.

“ಮತ್ತ ಬಂದ್ರೇನು? ಬರ್ರಿ, ಕುಂದ್ರಿ. ಕೊಂದಾಂವ ನಿಮ್ಮ ಕೋಣ್ಯಾಗ ಅದಾನ, ನೀವು ಸತ್ತವರ ಮನ್ಯಾಗ ಅಡ್ಡಾಡಾಕತ್ತೀರಿ.”

“ಮೂರು ದಿನಕ್ಕ ಮಶೀನು ಚಾಲೂ ಮಾಡೀರಿ?”

“ಸತ್ತವರ ಹಿಂದ ಎಲ್ಲಾರೂ ಸಾಯಲಿಕ್ಕ ಆಗ್ತದೇನು?”

“ನಾಲ್ಕರಿಂದ ಆರರತನಕ ಎಲ್ಲಿದ್ರಿ?”

“ಹೇಳೀನಲ್ಲ. ಊಟಾ ಭಾಳ ಆಗಿತ್ತು. ಗಾಡ್ಯಾಗ ಮಲಗಿದ್ದೆ.”

“ಚಂದ್ರಂಪಳ್ಳಿ ಹಾದ್ಯಾಗೇನು?”

ಸೂಗಪ್ಪ ಎದ್ದು ನಿಂತ. “ಬಾಯಿಗಿ ಬಂದಂಗ ಮಾತಾಡಬ್ಯಾಡ್ರಿ. ನಾ ಯಾರಂತ ಗೊತ್ತದೇನು? ಒಂದು ಫೋನ್ ಮಾಡಿದ್ರ...”

“ಮಾಡ್ರಿ. ಮಾಡೋಮಟ ನಿಂದಿರ್ತೀನಿ. ಬೇಕಾದ್ರ ನನ್ನ ಫೋನ ತಗೋರಿ.” ಭಾಗ್ಯಶ್ರೀ ನಿಜವಾಗಿಯೂ ಫೋನು ಮುಂದೆ ಚಾಚಿದಳು. ಲಾರಿ ತುಂಬುತ್ತಿದ್ದ ಆಳುಗಳು ಕೈ ನಿಲ್ಲಿಸಿ ನೋಡಿದರು. ಸೂಗಪ್ಪ ಫೋನು ಮುಟ್ಟಲಿಲ್ಲ.

“ಏನು ಬೇಕು ನಿಮಗ?”

“ಒಂದು ಸಣ್ಣ ಕೆಲಸ. ಈ ಬಿದಿರನ್ನ ಈ ಹಗ್ಗಕ್ಕ ಕಟ್ಟಿಕೊಡ್ರಿ. ಗಟ್ಟಿ ಕಟ್ರಿ, ಮ್ಯಾಲಿಂದ ಜಗ್ಗೂದದ.”

“ಕಟ್ಟಲಿಲ್ಲಂದ್ರ?”

“ಯಾಕ ಕಟ್ಟಲಿಲ್ಲಂತ ಬರಕೋತೀನಿ.”

ಅವನ ಮುಖ ಕೆಂಪಾಯಿತು. ಹಗ್ಗ ಕಸಿದುಕೊಂಡು ಬಿದಿರಿಗೆ ಸುತ್ತಿದ. ಭಾಗ್ಯಶ್ರೀ ಅವನ ಬೆರಳು ನೋಡಿದಳು. ಹಿಂದೆ ಗೋಡೆಯ ಮೊಳೆಗೆ ಹಳೆ ಟೂಬಿನ ತುಂಡುಗಳು ಗೊಂಚಲಾಗಿ ತೂಗುತ್ತಿದ್ದವು. ಕೈ ಅತ್ತ ಹೋಗಲಿ, ಒಂದು ಸಲ ಹೋಗಲಿ.

ಹೋಗಲಿಲ್ಲ. ಸೂಗಪ್ಪ ಹಗ್ಗವನ್ನು ಸೀರೆಯ ನಿರಿಗೆಯ ಹಾಗೆ ಸುತ್ತಿ, ಎಂಥದೋ ಗಂಟು ಹಾಕಿದ. ಎತ್ತಿದ ಕೂಡಲೇ ಬಿದಿರು ಜಾರಿ ಅವನ ಕಾಲಿನ ಮೇಲೇ ಬಿತ್ತು. ಆಳುಗಳು ಬಾಯಿಗೆ ಟವೆಲು ಅಡ್ಡ ಹಿಡಿದರು.

“ನಾ ಕಲ್ಲು ಮಾರಿದಾಂವ,” ಎಂದ ಸೂಗಪ್ಪ, ಕಾಲು ತಿಕ್ಕಿಕೊಳ್ಳುತ್ತ. “ಹೊತ್ತಾಂವ ಅಲ್ಲ. ನಮ್ಮ ಮನಿತನದಾಗ ಯಾರೂ ಹೊತ್ತಿಲ್ಲ.”

ಭಾಗ್ಯಶ್ರೀ ಜಾರಿಬಿದ್ದ ಬಿದಿರನ್ನು ನೋಡಿದಳು. ಈ ಮನುಷ್ಯನಿಗೆ ನಟನೆ ಬರುವುದಿಲ್ಲ, ಗಂಟೂ ಬರುವುದಿಲ್ಲ. ಅಂದರೆ ಇಷ್ಟು ದೂರ ಬಂದದ್ದು ನೀರಿನಲ್ಲಿ ಹೋಮ.

“ಇಷ್ಟ ಬರ್ತದೇನು ಭಾವ ನಿಮಗ?”

ಹೊಸ್ತಿಲಿನಿಂದ ಬಂದ ದನಿ. ಗುರುಲಿಂಗಮ್ಮ ಎದ್ದು ಬಂದಿದ್ದಳು. ಮೂರು ದಿನ ಮಾತಿಲ್ಲದೆ ಕೂತವಳ ಕಣ್ಣಲ್ಲಿ ತಿರಸ್ಕಾರ ಉರಿಯುತ್ತಿತ್ತು. “ಹೊತ್ತವರಿಲ್ಲಂತ! ಹೊತ್ತವರು ಇದ್ದದ್ದಕ್ಕ ನೀವು ಮಾರೀರಿ. ತರ್ರಿ ಇಲ್ಲಿ.”

ಹಗ್ಗ ಅವಳ ಕೈಗೆ ಹೋಯಿತು. ಎರಡು ಹೆಜ್ಜೆ ಇಟ್ಟು ಗೋಡೆಯ ಗೊಂಚಲಿನಿಂದ ಟೂಬಿನ ತುಂಡು ಕಿತ್ತಳು. ಹಲ್ಲಿನಿಂದ ಹರಿದಳು, ಎರಡು ಮಡಿಕೆ ಮಾಡಿದಳು, ಹಗ್ಗದ ಕೆಳಗೆ ಜಾರಿಸಿದಳು. ಸುತ್ತು, ಎಳೆತ, ಗಂಟು. ಬಿದಿರಿಗೆ ಅಂಚೂ ಇರಲಿಲ್ಲ, ಚೂಪೂ ಇರಲಿಲ್ಲ. ಆದರೂ ಇಟ್ಟಳು.

ಮುಬೀನ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಗುರುಲಿಂಗಮ್ಮ ತಲೆಯೆತ್ತಿ ಭಾಗ್ಯಶ್ರೀಯ ಕಣ್ಣು ನೋಡಿದಳು. ಆ ಕಣ್ಣು ಎಲ್ಲಿ ನೆಟ್ಟಿದೆಯೆಂದು ನೋಡಿದಳು. ತನ್ನ ಕೈಯೊಳಗಿನ ಕೆಂಪು ರಬ್ಬರು ನೋಡಿದಳು. ಬೇರೆಯವರಾಗಿದ್ದರೆ ಹಗ್ಗ ಕೆಳಗೆ ಬಿಡುತ್ತಿದ್ದರು. ಅವಳು ಗಂಟನ್ನು ಇನ್ನೊಂದು ಸಲ ಬಲವಾಗಿ ಜಗ್ಗಿದಳು.

“ಹೌದ್ರಿ,” ಎಂದಳು. “ನಾನ.”

“ಗುರುಲಿಂಗಮ್ಮ!” ಸೂಗಪ್ಪ ಚೀರಿದ.

“ಸುಮ್ಮನಿರ್ರಿ ಭಾವ. ನಾ ಖಣಿಯಾಗ ಹುಟ್ಟಿದಾಕಿ. ಹನ್ನೆರಡು ವರ್ಷ ಲಾರಿ ತುಂಬೀನಿ. ನಿಮ್ಮ ತಮ್ಮ ಮೆಚ್ಚಿ ಮಾಡ್ಕೊಂಡ್ರು. ಮಾಡ್ಕೊಂಡ ಮರುದಿನ, ಅದನ್ನ ಯಾರ ಮುಂದೂ ಹೇಳಬ್ಯಾಡ ಅಂತ ನೀವು ನನ್ನ ಬಾಯಿ ಹೊಲಿದ್ರಿ. ಇವತ್ತು ಹೇಳ್ತೀನಿ. ಹೊತ್ತೀನಿ. ಕಟ್ಟೀನಿ. ಆ ಬಂದೂಕೂ ಕಟ್ಟೀನಿ.”

ಭಾಗ್ಯಶ್ರೀ ಸಿದ್ಧಲಿಂಗನ ಹೆಂಡತಿಯ ಮುಂದೆ ಕಲ್ಲಿನ ಚಪ್ಪಡಿಯ ಮೇಲೆ ಕೂತಳು. ಕಾಗದ ತೆಗೆದಳು. ತೊಡೆಯ ಮೇಲೆ ಇಟ್ಟು ಪೆನ್ನು ತೆರೆದಳು.

“ಪೂರಾ ಹೇಳ್ರಿ.”

“ಅವರು ಫೋನು ಮನ್ಯಾಗ ಬಿಟ್ಟಿದ್ರು. ಗಿಡದಮ್ಯಾಲ ಕುಂತಾಗ ಫೋನು ಕಿಸೆದಾಗ ಇರಬೇಕಂತ ಅವರದ ರೂಲು. ಕೊಡಾಕ ಹೋದೆ. ಅಷ್ಟರಾಗ ಹತ್ತಾಕತ್ತಿದ್ರು. ಕರದೆ, ಆ ಕಬ್ಬಿಣದ ಸಪ್ಪಳದಾಗ ಕೇಳಲಿಲ್ಲ. ಬುಡಕ್ಕ ಬಂದೂಕು ಇತ್ತು. ಮೂತಿ ಕೆಸರಿನ್ಯಾಗ ಹುಗದಿತ್ತು. ಮೂತ್ಯಾಗ ಮಣ್ಣು ಹೊಕ್ಕರ ಬಂದೂಕು ಒಡಿತದಂತ ಕೇಳಿದ್ದೆ. ಬಿಚ್ಚಿದೆ. ಒರಸಿದೆ. ಮೂತಿ ಮ್ಯಾಲ ಮಾಡಿ ಕಟ್ಟಿದೆ. ಫೋನಿನ ಚೀಲಕ್ಕ ಸುತ್ತಿದ್ದ ಟೂಬು ಇತ್ತು, ಅದನ್ನ ಇಟ್ಟೆ.”

“ಮೂತಿ ಮ್ಯಾಲ ಇರಬಾರದಂತ ಗೊತ್ತಿರಲಿಲ್ಲೇನು?”

“ಖಾಲಿ ಬಂದೂಕು. ಮೂತಿ ಎಲ್ಲಿದ್ರೇನು ಅನ್ಕೊಂಡೆ.”

“ಖಾಲಿ ಇತ್ತಂತ ನಿಮಗ ಹ್ಯಾಂಗ ಗೊತ್ತು?”

“ನಡುವಿನಾಗ ಮಡಚಿ ತೆಗದು ನೋಡಿದೆ. ಮಣ್ಣು ಒರಸೋವಾಗ ನಳಿಕ್ಯಾಗ ಬೆಳಕು ಕಂಡ್ತು. ನಾ ಕಟ್ಟೋವಾಗ ಅದರಾಗ ತೂಟಾ ಇರಲಿಲ್ಲ.” ಅವಳ ದನಿ ಮೊದಲ ಸಲ ಒಡೆಯಿತು, ಮತ್ತೆ ಗಟ್ಟಿಯಾಯಿತು. “ಮೂತಿ ಮ್ಯಾಲ ಮಾಡಿದ್ದು ನನ್ನ ತಪ್ಪು. ಅದಕ್ಕ ನೇಣು ಹಾಕ್ತೀರೇನು, ಹಾಕ್ರಿ. ಅಂಜಂಗಿಲ್ಲ. ತುಂಬಿದ್ದು ನಾ ಅಲ್ಲ.”

“ಮತ್ತ ಯಾರು?”

ಗುರುಲಿಂಗಮ್ಮ ಕೈಯೊಳಗಿನ ಹಗ್ಗ ಕೆಳಗಿಟ್ಟಳು.

“ಮನಿ ಕಡಿ ಹೊಂಟೆ. ಬದುವಿನ ತನಕ ಹೋಗಿ ಹೊಳ್ಳಿ ನೋಡಿದೆ. ಗಿಡದ ಬುಡಕ್ಕ ದತ್ತು ಕುಂತಿದ್ದ. ಬಂದೂಕು ಮಡಚಿ ತೊಡಿಮ್ಯಾಲ ಇಟ್ಕೊಂಡಿದ್ದ. ಕೈಯಾಗ ತೂಟಾ ಇತ್ತು.”

ಭಾಗ್ಯಶ್ರೀಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಸುಳ್ಳು, ಎಂದಿತು ಮನಸ್ಸು. ತನ್ನ ತಲೆಗೆ ಬಂದದ್ದನ್ನು ಆಳಿನ ತಲೆಗೆ ಕಟ್ಟುತ್ತಿದ್ದಾಳೆ. ಸುಳ್ಳೇ ಆಗಿರಲಿ ಎಂದು ಅವಳು ಬೇಡಿಕೊಂಡಳು, ಅಧಿಕಾರಿಗಳು ಬೇಡಿಕೊಳ್ಳಬಾರದೆಂಬುದನ್ನೂ ಮರೆತು.

“ಮೂರು ದಿನ ಯಾಕ ಹೇಳಲಿಲ್ಲ?”

“ಹೇಳಿದ್ರ ಮೂತಿ ಮ್ಯಾಲ ಮಾಡಿದ್ದೂ ಹೇಳಬೇಕಿತ್ತು.”

“ಬದುವಿನಿಂದ ಗಿಡ ಐವತ್ತು ಹೆಜ್ಜಿ. ಅಷ್ಟು ದೂರದಿಂದ ತೂಟಾ ಕಂಡ್ತೇನು?”

“ಕಂಡ್ತು.”

“ಯಾವ ಬಣ್ಣ?”

ಎಡವುತ್ತಾಳೆ ಎಂದುಕೊಂಡಿದ್ದಳು. ಗುರುಲಿಂಗಮ್ಮ ಕಣ್ಣು ಮಿಟುಕಿಸಲಿಲ್ಲ.

“ಕೆಂಪು.”

ಪೆನ್ನು ನಿಂತುಹೋಯಿತು. ಸಿದ್ಧಲಿಂಗನ ಸೊಂಟದ ಚೀಲದಲ್ಲಿ ಸಿಕ್ಕ ತೂಟಾಗಳೆಲ್ಲ ಹಸಿರು, ಮನೆಯ ಡಬ್ಬಿಯಲ್ಲಿದ್ದವೂ ಹಸಿರು. ಬಂದೂಕಿನೊಳಗೆ ಸುಟ್ಟು ಉಳಿದದ್ದು ಮಾತ್ರ ಕೆಂಪು. ಅದನ್ನು ಹೊರತೆಗೆದವಳು ಭಾಗ್ಯಶ್ರೀಯೇ, ಲಕೋಟೆಗೆ ಹಾಕಿ ಅರಗು ಒತ್ತಿದವನು ಮುಬೀನ. ಪಂಚನಾಮೆಯಲ್ಲಿ ಬೇಕೆಂದೇ ಬಣ್ಣ ಬರೆದಿರಲಿಲ್ಲ. ಇನ್‌ಸ್ಪೆಕ್ಟರನಿಗೂ ಗೊತ್ತಿರಲಿಲ್ಲ.

ಬಣ್ಣ ಗೊತ್ತಿರಬೇಕಾದರೆ ತುಂಬಿದವರಿಗೆ ಗೊತ್ತಿರಬೇಕು, ಇಲ್ಲವೇ ತುಂಬುವಾಗ ನೋಡಿದವರಿಗೆ. ಈ ಹೆಂಗಸು ಎರಡರಲ್ಲಿ ಒಂದು.

“ಯಾಕ ನಿಂತ್ರಿ?” ಗುರುಲಿಂಗಮ್ಮ ಕೇಳಿದಳು. “ಬರೀರಿ. ದತ್ತು ಅಂತ ಬರೀರಿ.”

ಭಾಗ್ಯಶ್ರೀ ಬರೆದಳು. ಎರಡೇ ಅಕ್ಷರ, ಬರೆಯುವಾಗ ಪಡಸಾಲೆಯ ಮುದುಕಿ ಕಣ್ಣ ಮುಂದೆಯೇ ಕೂತಿದ್ದಳು. ಬರೆದು ಮುಗಿಸಿ, ಅದರ ಕೆಳಗಿನ ಸಾಲಿನಲ್ಲಿ ಇನ್ನೊಂದು ಹೆಸರು ಬರೆದು, ಕಾಗದ ತಿರುಗಿಸಿ ಮುಂದೆ ಹಿಡಿದಳು.

“ಇದೇನು? ನನ್ನ ಹೆಸರು?”

“ತೂಟಾ ಕೆಂಪು ಅಂತ ನಾ ಯಾರಿಗೂ ಹೇಳಿಲ್ಲ. ಅದನ್ನ ನಿಮ್ಮಿಬ್ಬರಾಗ ಒಬ್ಬರು ತುಂಬೀರಿ. ನಾಳಿ ಹನ್ನೊಂದಕ್ಕ ಇಬ್ಬರನ್ನೂ ಒಂದ ಕಟಕಟ್ಯಾಗ ನಿಂದ್ರಸ್ತೀನಿ. ಅಲ್ಲಿ ಅಂವನ ಮಾರಿ ನೋಡಿ ಇದನ್ನ ಇನ್ನೊಮ್ಮೆ ಹೇಳ್ರಿ. ಸಹಿ ಮಾಡ್ರಿ.”

“ಮಾಡಬ್ಯಾಡ!” ಎಂದ ಸೂಗಪ್ಪ. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ದಿಗಿಲಿತ್ತು. “ಆ ಕಾಗದಕ್ಕ ಸಹಿ ಮಾಡಬ್ಯಾಡ, ಗುರುಲಿಂಗಮ್ಮ. ಕೆಂಪು ಅಂತ ಯಾಕ ಅಂದಿ?”

ಗುರುಲಿಂಗಮ್ಮ ಭಾವನ ಕಡೆ ತಿರುಗಲೇ ಇಲ್ಲ. ಸಹಿ ಮಾಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಜೀಪು ಹತ್ತಿದಳು.